ಕೆಜಿಎಫ್: ಅದಿರಿನ ಜಾಡು ಹಿಡಿದು ಒಂದು ಬಾಡಿಗೆ ಕಾರಿನಲ್ಲಿ

ಕೆಜಿಎಫ್‌ಗೆ (ಕೋಲಾರ ಚಿನ್ನದ ಗಣಿ ಪ್ರದೇಶಕ್ಕೆ) ಮೊದಲ ಸಲ ಹೋದವರಿಗೆ ಅಲ್ಲಿ ಊರು ಎಲ್ಲಿದೆ ಎಂಬುದೇ ತಿಳಿಯುವುದಿಲ್ಲ. ರಾಬರ್ಟ್‌ಸನ್‌ಪೇಟೆಯಲ್ಲಿ ನಿಂತರೆ ಯಾವುದೋ ತಾಲ್ಲೂಕು ಕೇಂದ್ರದ ಅಂಗಡಿ ಬೀದಿ. ಬೆಮೆಲ್ ನಗರಕ್ಕೆ ಬಂದರೆ ಮರಗಳ ನೆರಳಿನ ಕಾರ್ಖಾನೆ ಕಾಲೊನಿ. ಅಲ್ಲಿಂದ ತೆಂಕಣಕ್ಕೆ ಹೋದರೆ ಮುರಿದ ಗೋಡೆ, ಮುಳ್ಳುಜಾಲಿ, ನಡುವೆ ಒಂದು ಚರ್ಚು, ಮತ್ತೆ ಖಾಲಿ ಬಯಲು, ಮತ್ತೆ ಒಂದು ಸಾಲು ಮನೆ. 'ಸಿನಿಮಾದಲ್ಲಿ ತೋರಿಸಿದ್ದು ಎಲ್ಲಿ?' ಎಂದು ಕೇಳಿ, ಒಂದು ಗುಡ್ಡದ ಮುಂದೆ ಸೆಲ್ಫಿ ತೆಗೆದು, ಮಧ್ಯಾಹ್ನಕ್ಕೇ ವಾಪಸು ಹೊರಡುವವರೇ ಹೆಚ್ಚು.

ಈ ಗೊಂದಲಕ್ಕೆ ಕಾರಣ ಭೂಗರ್ಭದಲ್ಲಿದೆ. ಕೋಟೆಯ ಸುತ್ತಲೋ ಕೆರೆಯ ಸುತ್ತಲೋ ಸಂತೆಮಾಳದ ಸುತ್ತಲೋ ಬೆಳೆದ ಊರಲ್ಲ ಇದು. ಚಾಂಪಿಯನ್ ಲೋಡ್ ಎಂಬ ಚಿನ್ನದ ಬೆಣಚುಕಲ್ಲಿನ ಪದರ ನೆಲದಡಿಯಲ್ಲಿ ಉತ್ತರ ದಕ್ಷಿಣವಾಗಿ ಹಾದುಹೋಗಿದೆ. ಅದು ಹೋದ ದಾರಿಯಲ್ಲೇ ಗಣಿಗಳು ಸಾಲಾಗಿ ಎದ್ದವು. ಉತ್ತರಕ್ಕೆ ಬಾಲಘಾಟ್, ನಂತರ ನಂದಿದುರ್ಗ, ಊರಿಗಾಂ, ಚಾಂಪಿಯನ್ ರೀಫ್, ದಕ್ಷಿಣದ ಕೊನೆಗೆ ಮಾರಿಕುಪ್ಪಂ ಬಳಿಯ ಮೈಸೂರು ಗಣಿ. ಪ್ರತಿ ಗಣಿಗೂ ತನ್ನದೇ ಮಿಲ್, ತನ್ನದೇ ಕಾರ್ಮಿಕರ ಸಾಲುಮನೆಗಳ ಲೈನ್, ತನ್ನದೇ ಬಂಗಲೆಗಳು. ಹೀಗಾಗಿ ಊರು ಉದ್ದಕ್ಕೆ ಹರಡಿತೇ ಹೊರತು ಅದಕ್ಕೊಂದು ನಡುಮಧ್ಯ ಹುಟ್ಟಲಿಲ್ಲ. ನಡೆದು ನೋಡಲು ತೀರಾ ದೂರ, ಬಸ್ಸಿನಲ್ಲಿ ನೋಡಿದರೆ ಮುಖ್ಯವಾದುದೆಲ್ಲ ತಪ್ಪಿಹೋಗುತ್ತದೆ. ಬೇಕೆಂದಲ್ಲಿ ನಿಲ್ಲುವ ಸ್ವಾತಂತ್ರ್ಯವಿರುವ ಒಂದು ಸಣ್ಣ ಕಾರು ಈ ಊರಿಗೆ ಹೇಳಿ ಮಾಡಿಸಿದ ಸಾಧನ.

ಒಬ್ಬರೇ ಹೋಗುವುದಾದರೆ ಕಾರು ಬೇಡ. ಬೆಂಗಳೂರಿನಿಂದ ಬಂಗಾರಪೇಟೆ ಮೂಲಕ ಮಾರಿಕುಪ್ಪಂವರೆಗೆ ರೈಲಿದೆ; ಕೋರಮಂಡಲ್, ಊರಿಗಾಂ, ಚಾಂಪಿಯನ್ ನಿಲ್ದಾಣಗಳು ಗಣಿಗಳ ಪಕ್ಕದಲ್ಲೇ ಇವೆ. 1894ರಲ್ಲಿ ಗಣಿಗಳಿಗಾಗಿಯೇ ಹಾಕಿದ ಈ ಕವಲು ಹಳಿಯ ಮೇಲೆ ಇಂದು ದಿನವೂ ಸಾವಿರಾರು ಮಂದಿ ಬೆಂಗಳೂರಿನ ಕೆಲಸಕ್ಕೆ ಹೋಗಿಬರುತ್ತಾರೆ. ಮೂರು ನಾಲ್ಕು ಜನ ಸೇರಿ ಹೊರಟರೆ, ಜೊತೆಯಲ್ಲಿ ವಯಸ್ಸಾದವರಿದ್ದರೆ, ಆಗ ಬಾಡಿಗೆ ಕಾರಿನ ಲೆಕ್ಕ ಕೂಡಿಬರುತ್ತದೆ.

ಕಾರು ಎತ್ತಿಕೊಳ್ಳುವಾಗ

ನೀವೇ ಓಡಿಸುವ ಬಾಡಿಗೆ ಕಾರನ್ನು ಗುರುತಿಸುವುದು ನಂಬರ್ ಪ್ಲೇಟಿನಿಂದ. ಬಿಳಿ ಹಲಗೆಯ ಮೇಲೆ ಕಪ್ಪು ಅಕ್ಷರವಿದ್ದರೆ ಸ್ವಂತ ಬಳಕೆಯ ಕಾರು. ಹಳದಿ ಹಲಗೆ, ಕಪ್ಪು ಅಕ್ಷರ ಎಂದರೆ ಟ್ಯಾಕ್ಸಿ. ಕಪ್ಪು ಹಲಗೆಯ ಮೇಲೆ ಹಳದಿ ಅಕ್ಷರವಿದ್ದರೆ ಮಾತ್ರ ಅದು ಚಾಲಕನಿಲ್ಲದೆ ಬಾಡಿಗೆಗೆ ಕೊಡಲು ಪರವಾನಗಿ ಪಡೆದ ವಾಹನ. ಪರಿಚಯದವರ ಬಿಳಿ ಪ್ಲೇಟಿನ ಕಾರು ಅಗ್ಗಕ್ಕೆ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪಿಕೊಳ್ಳಬೇಡಿ. ಪರವಾನಗಿ ಇಲ್ಲದೆ ಬಾಡಿಗೆಗೆ ಓಡಿದ ಕಾರು ಅಪಘಾತಕ್ಕೆ ಸಿಕ್ಕಿದರೆ ವಿಮೆ ಕಂಪನಿ ಹಣ ಕೊಡಲು ನಿರಾಕರಿಸಬಹುದು. ಆಗ ಉಳಿಸಿದ ಕೆಲವು ನೂರು ರೂಪಾಯಿ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಬಾಡಿಗೆಯ ದರ ನೋಡುವಾಗ ದಿನದ ಮೊತ್ತಕ್ಕಿಂತ ಕಿಲೋಮೀಟರಿನ ಮಿತಿಯ ಮೇಲೆ ಕಣ್ಣಿರಲಿ. ಬೆಂಗಳೂರಿನ ನಡುಭಾಗದಿಂದ ಕೆಜಿಎಫ್‌ಗೆ ಸುಮಾರು 100 ಕಿ.ಮೀ. ಹೋಗಿಬರಲು 200 ಎಂದು ಲೆಕ್ಕ ಹಾಕಿ ಅಷ್ಟರದ್ದೇ ಪ್ಯಾಕೇಜ್ ಹಿಡಿದರೆ ಕಷ್ಟ. ಉದ್ದನೆಯ ಊರಿನೊಳಗಿನ ಅಲೆದಾಟ, ಬೇತಮಂಗಲದ ಸುತ್ತು, ಕಾರು ಇರುವ ಜಾಗಕ್ಕೆ ಹೋಗಿ ವಾಪಸು ಬಿಡುವ ಓಡಾಟ ಎಲ್ಲ ಸೇರಿದರೆ 260, 280 ಆಗಿಬಿಡುತ್ತದೆ. 300 ಕಿ.ಮೀ. ಮಿತಿ ಇರುವುದನ್ನು ಆರಿಸಿದರೆ ಮನಸ್ಸಿಗೆ ನೆಮ್ಮದಿ. ಪೆಟ್ರೋಲ್ ನಿಮ್ಮದೋ ಅವರದೋ ಎಂಬುದನ್ನೂ ಮೊದಲೇ ಕೇಳಿ. ನಿಮ್ಮದಾದರೆ ಮುಳ್ಳು ಎಲ್ಲಿದ್ದಾಗ ಕೊಟ್ಟರೋ ಅಲ್ಲಿಗೇ ತಂದು ನಿಲ್ಲಿಸಬೇಕು.

ಕಾರಿನ ಗಾತ್ರದ ಬಗ್ಗೆ ನನ್ನ ಅಭಿಪ್ರಾಯ ಖಚಿತ: ಸಣ್ಣದು ಸಾಕು. ಲೈನ್ ಮನೆಗಳ ನಡುವಿನ ರಸ್ತೆಗಳು ಕಿರಿದು, ಪಕ್ಕದಲ್ಲಿ ತೆರೆದ ಚರಂಡಿ, ಹೆಜ್ಜೆಗೊಂದು ಹಂಪು. ದೊಡ್ಡ ಎಸ್‌ಯುವಿ ತಂದವರು ಅಲ್ಲಿ ತಿರುಗಿಸಲಾಗದೆ ರಿವರ್ಸ್‌ನಲ್ಲೇ ಬರಬೇಕಾಗುತ್ತದೆ. ನೆಲಕ್ಕೂ ಕಾರಿಗೂ ನಡುವೆ ಒಂದಿಷ್ಟು ಎತ್ತರವಿರುವ ಹ್ಯಾಚ್‌ಬ್ಯಾಕ್ ಆದರೆ ಎಲ್ಲಿ ಬೇಕಾದರೂ ನುಗ್ಗುತ್ತದೆ.

ಕೀಲಿ ಕೈಗೆ ಬಂದ ಕೂಡಲೇ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ವಿಡಿಯೊ ಮಾಡಿ. ಬಂಪರಿನ ಕೆಳಭಾಗ, ಚಕ್ರದ ರಿಮ್, ಗಾಜಿನ ಮೇಲಿನ ಚುಕ್ಕಿ ಗೀರು, ಓಡೋಮೀಟರ್, ಪೆಟ್ರೋಲ್ ಮುಳ್ಳು ಎಲ್ಲವೂ ಅದರಲ್ಲಿ ಬರಲಿ. ಡಿಕ್ಕಿ ತೆಗೆದು ಸ್ಟೆಪ್ನಿ, ಜ್ಯಾಕ್, ಸ್ಪಾನರ್ ಇವೆಯೇ ನೋಡಿ. ಸ್ಟೆಪ್ನಿಯಲ್ಲಿ ಗಾಳಿ ಇದೆಯೇ ಎಂಬುದನ್ನೂ ಒತ್ತಿ ನೋಡಿ. ಆರ್‌ಸಿ, ವಿಮೆ, ಪರ್ಮಿಟ್, ಹೊಗೆ ತಪಾಸಣೆ ಪತ್ರಗಳ ಪ್ರತಿ ಫೋನಿನಲ್ಲಿರಲಿ. ಬುಕ್ ಮಾಡಿದವರೊಬ್ಬರು, ಓಡಿಸುವವರು ಇನ್ನೊಬ್ಬರು ಆಗುವುದಾದರೆ ಎರಡನೆಯವರ ಲೈಸೆನ್ಸನ್ನೂ ಮೊದಲೇ ದಾಖಲಿಸಿ.

ಇನ್ನೊಂದು ವಿಷಯ ಈ ಪ್ರವಾಸಕ್ಕೇ ವಿಶೇಷವಾದದ್ದು. ಕೆಜಿಎಫ್‌ನಿಂದ ಆಂಧ್ರದ ಗಡಿ ಹೆಚ್ಚು ದೂರವಿಲ್ಲ, ತಮಿಳುನಾಡೂ ಹತ್ತಿರ. ಬಾಡಿಗೆ ಕಾರು ವಾಣಿಜ್ಯ ವಾಹನವಾದ್ದರಿಂದ ಅದರ ಪರ್ಮಿಟ್ ಕರ್ನಾಟಕಕ್ಕಷ್ಟೇ ಸೀಮಿತವಾಗಿದ್ದರೆ ಗಡಿ ದಾಟಿದೊಡನೆ ತೆರಿಗೆಯ ತಕರಾರು ಶುರು. ಫೋನಿನ ನಕ್ಷೆ ಇದನ್ನೆಲ್ಲ ನೋಡುವುದಿಲ್ಲ. ಹತ್ತು ನಿಮಿಷ ಉಳಿಯುತ್ತದೆ ಎಂದರೆ ಆಂಧ್ರದ ಕುಪ್ಪಂ ಕಡೆಗೂ ಕರೆದೊಯ್ಯುತ್ತದೆ. ಕಾರಿನಲ್ಲಿ ಜಿಪಿಎಸ್ ಇರುವುದರಿಂದ ಮಾಲೀಕರಿಗೆ ಅದು ಗೊತ್ತೂ ಆಗುತ್ತದೆ.

ಹೋಗುವ ದಾರಿ

ದಾರಿ ಎರಡು. ಹಳೆಯದು ಹೊಸಕೋಟೆ, ನರಸಾಪುರ, ಕೋಲಾರದ ಮೇಲೆ ಹೋಗುವ ರಾಷ್ಟ್ರೀಯ ಹೆದ್ದಾರಿ 75. ಕೋಲಾರದಲ್ಲಿ ಬಲಕ್ಕೆ ತಿರುಗಿ ಬಂಗಾರಪೇಟೆ ಹಾದು ಕೆಜಿಎಫ್. ಹೊಸದು ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ವೇ. ಅದರ ಕರ್ನಾಟಕದ ಭಾಗ, ಹೊಸಕೋಟೆಯಿಂದ ಬೇತಮಂಗಲದ ಆಚೆಯವರೆಗಿನ 71 ಕಿ.ಮೀ., 2024ರ ಡಿಸೆಂಬರ್‌ನಲ್ಲಿ ಸಂಚಾರಕ್ಕೆ ತೆರೆಯಿತು. ಬೈಕು, ಆಟೊಗಳಿಗೆ ಅಲ್ಲಿ ಪ್ರವೇಶವಿಲ್ಲ. ಮಾಲೂರು, ಬಂಗಾರಪೇಟೆ, ಬೇತಮಂಗಲದ ಬಳಿ ಹತ್ತಿ ಇಳಿಯಬಹುದು. ದಾರಿಯಲ್ಲಿ ಬಂಕು, ಹೋಟೆಲು ಸಿಕ್ಕೇ ಸಿಗುತ್ತವೆ ಎಂದು ನೆಚ್ಚಿಕೊಂಡು ಹೊರಡಬೇಡಿ. ಟ್ಯಾಂಕು, ಹೊಟ್ಟೆ ಎರಡೂ ತುಂಬಿರಲಿ. ಟೈರಿನ ಗಾಳಿ ಸರಿಯಾಗಿರಲಿ, ಏಕೆಂದರೆ ಬಹಳ ಹೊತ್ತು ವೇಗವಾಗಿ ಹೋದರೆ ಟೈರು ಬಿಸಿಯಾಗುತ್ತದೆ. ಮಿತಿ ಮೀರಿದ ವೇಗಕ್ಕೆ ಪೊಲೀಸರದು ಒಂದು ದಂಡವಾದರೆ, ಬಾಡಿಗೆ ಕೊಟ್ಟವರದು ಮತ್ತೊಂದು ಇರಬಹುದು.

ನನ್ನ ಸಲಹೆ: ಹೋಗುವಾಗ ಎಕ್ಸ್‌ಪ್ರೆಸ್ ವೇ, ಬರುವಾಗ ಬಂಗಾರಪೇಟೆ. ಸಮಯ ಉಳಿಸಲು ಮಾತ್ರವಲ್ಲ. ಬೇತಮಂಗಲದಲ್ಲಿ ಇಳಿದರೆ ಗಣಿಯ ಕತೆ ಎಲ್ಲಿಂದ ಶುರುವಾಗಬೇಕೋ ಅಲ್ಲಿಂದಲೇ ಶುರುವಾಗುತ್ತದೆ.

ಮೊದಲು ನೀರು, ಆಮೇಲೆ ವಿದ್ಯುತ್ತು

ಗಣಿ ನೋಡಲು ಹೋದವರು ನೇರವಾಗಿ ಬಾವಿಯ ಬಾಯಿಗೇ ಹೋಗಿ ನಿಲ್ಲುತ್ತಾರೆ. ಆದರೆ ಬಂಡೆಯಿಂದ ಚಿನ್ನ ತೆಗೆಯಲು ಮೊದಲು ಬೇಕಾದದ್ದು ನೀರು, ಮತ್ತು ಯಂತ್ರ ತಿರುಗಿಸುವ ಶಕ್ತಿ. ಎರಡೂ ಈ ಒಣ ನೆಲದಲ್ಲಿ ಇರಲಿಲ್ಲ.

ನೀರು ಬಂದದ್ದು ಬೇತಮಂಗಲದಿಂದ. ಪಾಲಾರ್ ನದಿಗೆ ಅಡ್ಡಲಾಗಿರುವ ಇಲ್ಲಿನ ಕೆರೆ ಬಹಳ ಹಳೆಯದು. ನೊಳಂಬರ ಕಾಲದ ಶಾಸನದಲ್ಲೇ ಅದರ ದುರಸ್ತಿಯ ಪ್ರಸ್ತಾಪವಿದೆ. 20ನೇ ಶತಮಾನದ ಆರಂಭದಲ್ಲಿ ಮೈಸೂರು ಸರ್ಕಾರ ಇಲ್ಲಿ ನೀರು ಶುದ್ಧೀಕರಿಸುವ ಸ್ಥಾವರ ಕಟ್ಟಿ, ಕೊಳವೆಯಲ್ಲಿ ಗಣಿಗಳಿಗೆ ಹರಿಸಿತು. ಏರಿಯ ಮೇಲೆ ಕಾರು ನಿಲ್ಲಿಸಿ ಒಂದರ್ಧ ಗಂಟೆ ಕಳೆಯಿರಿ. ಮಳೆ ಕೈಕೊಟ್ಟ ವರ್ಷ ಕೆರೆ ಬತ್ತಿರುತ್ತದೆ. ಹಾಗೆ ಬತ್ತಿದಾಗ ನೋಡಿದರೆ ಈ ಸೀಮೆಯಲ್ಲಿ ಒಂದು ದೊಡ್ಡ ಕೈಗಾರಿಕೆಗೆ ನೀರು ಹೊಂದಿಸುವುದು ಎಷ್ಟು ಪಡಿಪಾಟಲಿನ ಕೆಲಸವಾಗಿತ್ತು ಎಂಬುದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

ಶಕ್ತಿಯ ಕತೆ ಇನ್ನೂ ದೊಡ್ಡದು. ಗಣಿಗಳು ಶುರುವಾದಾಗ ಎಲ್ಲವೂ ಹಬೆಯ ಎಂಜಿನ್. ಅದಕ್ಕೆ ಸೌದೆ ಬೇಕು, ಕಲ್ಲಿದ್ದಲು ಬೇಕು. ಸುತ್ತಲಿನ ಕುರುಚಲು ಕಾಡು ಒಲೆಗೆ ಹೋಯಿತು, ಕಲ್ಲಿದ್ದಲು ದೂರದಿಂದ ರೈಲಿನಲ್ಲಿ ಬರಬೇಕಾಯಿತು. ಆಗ ಕಾವೇರಿಯ ಶಿವನಸಮುದ್ರ ಜಲಪಾತದಲ್ಲಿ ವಿದ್ಯುತ್ ತಯಾರಿಸಿ ಇಲ್ಲಿಗೆ ತರುವ ಯೋಜನೆ ಹುಟ್ಟಿತು. ಮೈಸೂರಿನ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಬೆಂಬಲಕ್ಕೆ ನಿಂತರು, ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್ ಕೆಲಸ ನಡೆಸಿದರು, ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ ಬಂದವು. 1902ರ ಜೂನ್ 30ರಂದು ಸುಮಾರು 147 ಕಿ.ಮೀ. ಉದ್ದದ ತಂತಿಯ ಮೂಲಕ ಕೆಜಿಎಫ್‌ಗೆ ವಿದ್ಯುತ್ ಹರಿಯಿತು. ಆ ಕಾಲಕ್ಕೆ ಜಗತ್ತಿನಲ್ಲೇ ಬಹು ದೂರ ವಿದ್ಯುತ್ ಸಾಗಿಸಿದ ತಂತಿಗಳಲ್ಲಿ ಇದೂ ಒಂದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಮೂರು ವರ್ಷದ ನಂತರ, 1905ರಲ್ಲಿ. ಮೊದಲು ಗಣಿ, ಆಮೇಲೆ ಬೆಂಗಳೂರು: ಸಂಸ್ಥಾನದ ಬೊಕ್ಕಸಕ್ಕೆ ರಾಜಧನ ಎಲ್ಲಿಂದ ಬರುತ್ತಿತ್ತು ಎಂಬುದನ್ನು ನೋಡಿದರೆ ಈ ಸರದಿಯಲ್ಲಿ ಅಚ್ಚರಿಯೇನಿಲ್ಲ.

ಶಾಫ್ಟಿನ ಬಾಯಿ

ಬೇತಮಂಗಲದಿಂದ ರಾಬರ್ಟ್‌ಸನ್‌ಪೇಟೆಗೆ ಬಂದು, ಊರಿಗಾಂ ಮುಟ್ಟಿ, ಅಲ್ಲಿಂದ ದಕ್ಷಿಣಕ್ಕೆ ಚಾಂಪಿಯನ್ ರೀಫ್, ಮಾರಿಕುಪ್ಪಂ ಕಡೆಗೆ ನಿಧಾನವಾಗಿ ಹೋಗಿ. ಈಗ ನೀವು ಚಿನ್ನದ ಪದರದ ನೆತ್ತಿಯ ಮೇಲೇ ಕಾರು ಓಡಿಸುತ್ತಿದ್ದೀರಿ. ಕಣ್ಣು ಮೇಲಕ್ಕಿರಲಿ: ಮರಗಳ ಮೇಲೆ ಎದ್ದು ನಿಂತ ಕಬ್ಬಿಣದ ಗೋಪುರ, ಅದರ ತುದಿಯಲ್ಲಿ ದೊಡ್ಡ ಗಾಲಿ. ಅದು ಎಲ್ಲಿದೆಯೋ ಅಲ್ಲಿ ಶಾಫ್ಟ್, ಅಂದರೆ ಗಣಿಗೆ ಇಳಿಯುವ ಬಾವಿ, ಇದೆ ಎಂದು ಅರ್ಥ.

ಗೋಪುರದಿಂದ ಸ್ವಲ್ಪ ದೂರದಲ್ಲಿ ಒಂದು ಕಟ್ಟಡವಿರುತ್ತದೆ. ಅದು ವೈಂಡರ್ ಮನೆ. ಅದರೊಳಗಿನ ಭಾರಿ ಉರುಳೆಯ ಮೇಲೆ ಉಕ್ಕಿನ ಹಗ್ಗ ಸುತ್ತಿಕೊಂಡಿರುತ್ತಿತ್ತು. ಹಗ್ಗ ಗೋಪುರದ ಗಾಲಿಯ ಮೇಲೆ ಹಾದು ನೇರ ಕೆಳಕ್ಕೆ ಇಳಿಯುತ್ತಿತ್ತು. ತುದಿಯಲ್ಲಿ ಜನರನ್ನು ಇಳಿಸುವ ಪಂಜರ, ಅಥವಾ ಅದಿರು ತರುವ ತೊಟ್ಟಿ. ವೈಂಡರ್ ಓಡಿಸುವವನಿಗೆ ಕೆಳಗಿನದು ಏನೂ ಕಾಣುತ್ತಿರಲಿಲ್ಲ. ಗಂಟೆಯ ಸಂಕೇತ ಕೇಳಿ, ಮುಂದಿರುವ ಸೂಚಕದ ಮುಳ್ಳು ನೋಡಿ, ಎಷ್ಟೋ ಜನರ ಜೀವವನ್ನು ಅವನು ಏರಿಸಿ ಇಳಿಸುತ್ತಿದ್ದ. ಚಾಂಪಿಯನ್ ರೀಫ್‌ನ ಗಿಫರ್ಡ್ ಶಾಫ್ಟ್ ಸುಮಾರು 2 ಕಿ.ಮೀ. ನೇರ ಆಳಕ್ಕೆ ಒಂದೇ ನೆಗೆತದಲ್ಲಿ ಇಳಿಯುತ್ತಿತ್ತು.

ಗಣಿ ಅಲ್ಲಿಗೇ ಮುಗಿಯುತ್ತಿರಲಿಲ್ಲ. ಕೆಳಗೆ ಇಳಿದು, ಅಡ್ಡ ಸುರಂಗದಲ್ಲಿ ನಡೆದು, ಇನ್ನೊಂದು ಒಳ ಶಾಫ್ಟ್ ಹಿಡಿದು ಮತ್ತೆ ಇಳಿಯಬೇಕಿತ್ತು. ಹೀಗೆ ಹಂತ ಹಂತವಾಗಿ ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿ.ಮೀ. ಆಳ ತಲುಪಿತು. ಅಲ್ಲಿ ಬಂಡೆಯ ಉಷ್ಣತೆಯೇ 65 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ತಂಪು ಗಾಳಿಯನ್ನು ಯಂತ್ರದಿಂದ ಒಳಕ್ಕೆ ತಳ್ಳದೆ ಮನುಷ್ಯ ನಿಲ್ಲುವ ಹಾಗಿರಲಿಲ್ಲ. ಅಷ್ಟು ಆಳದಲ್ಲಿ ಮೇಲಿನ ನೆಲದ ತೂಕವೆಲ್ಲ ಟೊಳ್ಳಾದ ಜಾಗದ ಗೋಡೆಗಳ ಮೇಲೆ ಬೀಳುತ್ತದೆ. ಒತ್ತಡ ತಾಳದೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುತ್ತದೆ. ಕಾರ್ಮಿಕರು ಅದನ್ನು ಏರ್‌ಬ್ಲಾಸ್ಟ್ ಎನ್ನುತ್ತಿದ್ದರು. ಮೇಲಿನ ಮನೆಗಳಲ್ಲಿ ಪಾತ್ರೆ ಅಲುಗಿದರೆ ಕೆಳಗೆ ಯಾರ ಪಾಳಿ ಎಂದು ಹೆಂಗಸರು ಲೆಕ್ಕ ಹಾಕುತ್ತಿದ್ದ ಊರು ಇದು. ಬಂಡೆಯ ಈ ವರ್ತನೆಯನ್ನು ಅಭ್ಯಸಿಸುವ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ 1988ರಲ್ಲಿ ಇಲ್ಲೇ ಹುಟ್ಟಿದ್ದು ಸಹಜವೇ.

ಶಾಫ್ಟುಗಳನ್ನು ಹೊರಗಿನಿಂದಷ್ಟೇ ನೋಡಬೇಕು. ಜಾಗವೆಲ್ಲ ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್‌ನ ಸ್ವತ್ತು, ಕಾವಲಿದೆ, ಪ್ರವಾಸಿಗರನ್ನು ಒಳಗಿಳಿಸುವ ಏರ್ಪಾಟು ಇಲ್ಲ. ಕಾವಲುಗಾರರನ್ನು 'ಅಣ್ಣಾ, ಇಲ್ಲಿಂದ ಫೋಟೊ ತೆಗೀಬಹುದಾ?' ಎಂದು ಕೇಳಿ. ಬೇಡ ಎಂದರೆ ವಾದ ಬೇಡ. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಬಂದರೂ ಗಾಬರಿಯಾಗಬೇಡಿ. ಮುಂದಿನ ವಾಕ್ಯ ಕನ್ನಡದಲ್ಲೋ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಬೇಲಿ ಮುರಿದ ಕಡೆ ನುಸುಳುವ ಆಸೆ ಖಂಡಿತ ಬೇಡ. ಹಳೆಯ ಬಾವಿಗಳ ಬಾಯಿ ಪೊದೆಯಲ್ಲಿ ಮುಚ್ಚಿಹೋಗಿರುತ್ತದೆ, ಪಂಪು ನಿಂತ ಮೇಲೆ ಒಳಗೆ ನೀರು ತುಂಬಿದೆ, ಮೇಲಿನ ಸುರಂಗಗಳಲ್ಲೂ ಉಸಿರಾಡುವ ಗಾಳಿಯ ಖಾತ್ರಿಯಿಲ್ಲ. ಗಣಿ ಮುಚ್ಚಿದ ಮೇಲೆ ಕಳ್ಳತನಕ್ಕೆಂದು ಒಳಗಿಳಿದವರು ಉಸಿರುಗಟ್ಟಿ ಸತ್ತದ್ದಿದೆ.

ಕಲ್ಲಿನಿಂದ ಗುಡ್ಡದವರೆಗೆ

ಮಾರಿಕುಪ್ಪಂ, ಚಾಂಪಿಯನ್ ಸುತ್ತಮುತ್ತ ಎಲ್ಲಿ ನಿಂತರೂ ಕಾಣುವುದು ಸೈನೈಡ್ ಗುಡ್ಡ. ಬೂದು, ನಸುಹಳದಿ ಬಣ್ಣ, ನೆತ್ತಿ ಚಪ್ಪಟೆ, ಮಳೆನೀರು ಕೊರೆದ ಕಂದರಗಳು. 2018ರ 'ಕೆ.ಜಿ.ಎಫ್' ಚಿತ್ರಕ್ಕೆ ಇಲ್ಲಿ ಸೆಟ್ ಹಾಕಿದ್ದರಿಂದ ಈಗ ಎಲ್ಲರಿಗೂ ಇದೇ ಊರಿನ ಗುರುತು. ಆ ಚಿತ್ರದಲ್ಲಿರುವ ನರಾಚಿ ಕಲ್ಪನೆಯ ಗಣಿ. ಈ ಊರಿನ ಚರಿತ್ರೆಗೂ ಅದಕ್ಕೂ ಸಂಬಂಧ ಹುಡುಕುವುದು ವ್ಯರ್ಥ. ನಿಜದ ಗುಡ್ಡದ ಕತೆಯೇ ಸಾಕಷ್ಟು ವಿಚಿತ್ರವಾಗಿದೆ.

ಮೇಲೆ ಬಂದ ಅದಿರನ್ನು ಮೊದಲು ಜಜ್ಜಿ, ನಂತರ ಸ್ಟ್ಯಾಂಪ್ ಮಿಲ್‌ನಲ್ಲಿ ಉಕ್ಕಿನ ಒನಕೆಗಳ ಸಾಲಿನ ಕೆಳಗೆ ನೀರಿನೊಂದಿಗೆ ಕುಟ್ಟುತ್ತಿದ್ದರು. ಆ ಕೆಸರನ್ನು ಪಾದರಸ ಸವರಿದ ತಾಮ್ರದ ಹಲಗೆಗಳ ಮೇಲೆ ಹರಿಸಿದರೆ ಬಿಡಿ ಚಿನ್ನದ ಕಣಗಳು ಪಾದರಸಕ್ಕೆ ಅಂಟಿಕೊಳ್ಳುತ್ತವೆ. ಆದರೆ ಬಹು ಸಣ್ಣ ಕಣಗಳು ತಪ್ಪಿಸಿಕೊಂಡು ಮರಳಿನ ಜೊತೆ ಹೊರಟುಹೋಗುತ್ತಿದ್ದವು. 1887ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸೋದರರು ಇದಕ್ಕೊಂದು ಉಪಾಯ ಕಂಡುಹಿಡಿದರು. ಸೈನೈಡಿನ ತೆಳು ದ್ರಾವಣ ಚಿನ್ನವನ್ನು ಕರಗಿಸಿಕೊಳ್ಳುತ್ತದೆ, ಕಲ್ಲನ್ನು ಬಿಟ್ಟುಬಿಡುತ್ತದೆ. ಆ ದ್ರಾವಣಕ್ಕೆ ಸತು ಹಾಕಿದರೆ ಚಿನ್ನ ಮತ್ತೆ ಗಟ್ಟಿಯಾಗಿ ಕೆಳಗೆ ಕೂರುತ್ತದೆ. ಕೆಲವೇ ವರ್ಷಗಳಲ್ಲಿ ಈ ವಿಧಾನ ಇಲ್ಲಿಗೂ ಬಂತು. ಚಿನ್ನ ಬಿಟ್ಟುಕೊಟ್ಟ ಮರಳನ್ನು ಮಿಲ್‌ನ ಪಕ್ಕದಲ್ಲೇ ಸುರಿದರು. ಸುರಿಯುತ್ತಲೇ ಹೋದರು.

ಗುಡ್ಡ ಇಷ್ಟು ದೊಡ್ಡದಾಗಲು ಲೆಕ್ಕ ಸರಳ. ಆರಂಭದ ವರ್ಷಗಳಲ್ಲಿ ಒಂದು ಟನ್ ಅದಿರಿಗೆ 40 ಗ್ರಾಮಿಗಿಂತ ಹೆಚ್ಚು ಚಿನ್ನ ಸಿಕ್ಕಿದ್ದುಂಟು. ಕೊನೆಕೊನೆಗೆ ಮೂರು ನಾಲ್ಕು ಗ್ರಾಂ. ಒಂದು ಲಾರಿ ಕಲ್ಲು ಕುಟ್ಟಿದರೆ ಒಂದೆರಡು ಬಳೆಗಾಗುವಷ್ಟು ಚಿನ್ನ, ಮಿಕ್ಕ ಲಾರಿಯೆಲ್ಲ ಗುಡ್ಡಕ್ಕೆ. ಸುಮಾರು 120 ವರ್ಷಗಳಲ್ಲಿ ಇಲ್ಲಿಂದ ಹೋದ ಚಿನ್ನ ಹೆಚ್ಚುಕಡಿಮೆ 800 ಟನ್. ಉಳಿದಿರುವ ಮರಳು ಮೂರು ಕೋಟಿ ಟನ್ನಿಗೂ ಮೇಲೆ, 13 ಗುಡ್ಡಗಳಲ್ಲಿ. ಆ ಮರಳಿನಲ್ಲೂ ಒಂದಿಷ್ಟು ಚಿನ್ನ ಉಳಿದಿದೆ. ಹಾಗಾಗಿಯೇ ಗುಡ್ಡಗಳನ್ನು ಮತ್ತೆ ಸಂಸ್ಕರಿಸುವ ಮಾತು ಬಂದು ಹೋಗುತ್ತಿರುತ್ತದೆ. 2024ರಲ್ಲಿ ರಾಜ್ಯ ಸಚಿವ ಸಂಪುಟ ಅದಕ್ಕೆ ಒಪ್ಪಿಗೆಯನ್ನೂ ಕೊಟ್ಟಿತು.

ಗುಡ್ಡ ಹತ್ತಬಹುದೇ? ಸ್ಥಳೀಯ ಹುಡುಗರು ಹತ್ತುತ್ತಾರೆ. ನಾನಾದರೆ ರಸ್ತೆಯಿಂದಲೇ ನೋಡುತ್ತೇನೆ. ಸೈನೈಡ್ ಬಿಸಿಲು ಗಾಳಿಗೆ ಕಾಲಕ್ರಮೇಣ ವಿಭಜನೆಯಾಗುತ್ತದೆ ನಿಜ. ಆದರೆ ಹಿಟ್ಟಿನಂಥ ಬೆಣಚಿನ ದೂಳು ಹಾಗೇ ಇರುತ್ತದೆ, ಅದು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಆಷಾಢದ ಗಾಳಿಗೆ ಈ ದೂಳು ಮನೆಮನೆಗೆ ನುಗ್ಗುತ್ತದೆ. ಆ ತಿಂಗಳಲ್ಲಿ ಹೋದರೆ ಕಾರಿನ ಗಾಜು ಏರಿಸಿ, ಎ.ಸಿ.ಯನ್ನು ಹೊರಗಾಳಿ ಎಳೆಯದ ಗುಂಡಿಗೆ ಹಾಕಿ. ಕಾರನ್ನಂತೂ ಗುಡ್ಡದ ಬುಡದ ಮರಳಿಗೆ ಇಳಿಸಲೇಬೇಡಿ. ಮೇಲ್ಮೈ ಗಟ್ಟಿಯಾಗಿ ಕಂಡರೂ ಚಕ್ರ ಹೂತುಹೋಗುತ್ತದೆ, ಅಲ್ಲಿ ಸಿಕ್ಕಿಬಿದ್ದ ಕಾರನ್ನು ಎಳೆಸುವ ಖರ್ಚು ಯಾವ ಪ್ಯಾಕೇಜಿನಲ್ಲೂ ಸೇರಿರುವುದಿಲ್ಲ.

ಯಾರು ಎಲ್ಲಿ ಇದ್ದರು

ಈ ಊರಿನ ಸಾಮಾಜಿಕ ನಕ್ಷೆಯನ್ನು ಸೆಕೆಂಡ್ ಗೇರಿನಲ್ಲಿ ಓಡಿಸುತ್ತಲೇ ಓದಬಹುದು. ಎತ್ತರದ, ಮರಗಳಿರುವ ಜಾಗದಲ್ಲಿ ಅಗಲವಾದ ಜಗಲಿಯ ಬಂಗಲೆ ಕಂಡರೆ ಅದು ಅಧಿಕಾರಿಗಳದು. 1880ರಲ್ಲಿ ಗಣಿ ವಹಿಸಿಕೊಂಡ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ, ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಅನುಭವಿ ಗಣಿಗಾರರನ್ನು ಕರೆತಂದಿತ್ತು. ಅವರಿಗಾಗಿ ಕ್ಲಬ್ಬು, ಗಾಲ್ಫ್ ಮೈದಾನ, ಚರ್ಚು. ಕೆಜಿಎಫ್ ಕ್ಲಬ್ ಈಗಲೂ ಇದೆ. ಸದಸ್ಯರ ಪರಿಚಯವಿಲ್ಲದಿದ್ದರೆ ಗೇಟಿನಿಂದಲೇ ನೋಡಿಕೊಂಡು ಮುಂದೆ ಹೋಗುವುದು ಮರ್ಯಾದೆ.

ಶಾಫ್ಟಿಗೆ ಹತ್ತಿರ, ತಗ್ಗಿನಲ್ಲಿ, ಒಂದಕ್ಕೊಂದು ಬೆನ್ನು ತಾಗಿಸಿ ನಿಂತ ಸಾಲುಮನೆಗಳು ಕಂಡರೆ ಅವು ಕಾರ್ಮಿಕರ ಲೈನ್‌ಗಳು. ಹಿಂದೆ ಬಿದಿರು ತಟ್ಟಿಯ ಗುಡಿಸಲುಗಳಿದ್ದವು. ಉತ್ತರ ಆರ್ಕಾಟ್, ಸೇಲಂ ಕಡೆಯ ತಮಿಳರು, ಚಿತ್ತೂರು ಸೀಮೆಯ ತೆಲುಗರು ಅಲ್ಲಿ ಬದುಕಿದರು. ಅವರಲ್ಲಿ ಬಹುಪಾಲು ದಲಿತರು. ತಮ್ಮ ಊರಿನ ಜಮೀನ್ದಾರನಿಂದ ಬಿಡಿಸಿಕೊಂಡು ಬಂದವರಿಗೆ ಗಣಿಯ ಕತ್ತಲೆಯಲ್ಲೂ ಕೂಲಿ ಎಂಬುದು ಕೈಗೆ ಎಣಿಸಿ ಬರುತ್ತಿತ್ತು. ಕೆಲಸ ಮುಗಿಸಿ ಹೊರಬರುವಾಗ ಮೈ ತಡಕಿ ಬಿಡುತ್ತಿದ್ದರು. 1930ರಲ್ಲಿ ಕಂಪನಿ ಬೆರಳಚ್ಚು ತೆಗೆದುಕೊಂಡು ನೋಂದಣಿ ಮಾಡಲು ಹೊರಟಾಗ ಸಾವಿರಾರು ಕಾರ್ಮಿಕರು ಮುಷ್ಕರ ಹೂಡಿದರು. ಭಾರತದಲ್ಲಿ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಮೊದಲು ವರದಿಯಾದದ್ದೂ ಇಲ್ಲಿಂದಲೇ: 1940ರ ದಶಕದಲ್ಲಿ ಪರೀಕ್ಷಿಸಿದ 7,653 ಕಾರ್ಮಿಕರಲ್ಲಿ ಶೇ. 43.7ರಷ್ಟು ಮಂದಿಗೆ ಅದು ತಗುಲಿತ್ತು. ಲೈನ್‌ಗಳಲ್ಲಿ ಇಂದಿಗೂ ಸಂಸಾರಗಳಿವೆ. ಮನೆಯೊಳಗೆ ಇಣುಕಿ ಫೋಟೊ ತೆಗೆಯುವುದು, 'ಪಾಳುಬಿದ್ದ ಊರು' ಎಂದು ಅವರೆದುರೇ ವಿಡಿಯೊ ಮಾಡುವುದು ಅಸಭ್ಯ. ಮಾತಿಗೆ ನಿಂತರೆ ನಿವೃತ್ತ ಕಾರ್ಮಿಕರು ತಾವಾಗಿಯೇ ಎಲ್ಲ ಹೇಳುತ್ತಾರೆ, ಯಾವ ಶಾಫ್ಟು, ಎಷ್ಟನೇ ಲೆವೆಲ್ಲು, ಯಾವ ಪಾಳಿ ಎನ್ನುವವರೆಗೆ.

ಲೈನ್‌ಗಳಾಚೆ ಮೂರನೆಯ ಬಗೆಯ ಊರು ರಾಬರ್ಟ್‌ಸನ್‌ಪೇಟೆ. ಪ್ಲೇಗಿನ ಕಾಲದಲ್ಲಿ ಗಣಿಯ ಕೊಳೆಗೇರಿಗಳಿಂದ ವ್ಯಾಪಾರಸ್ಥರನ್ನು ದೂರವಿಡಲು ನೇರ ಬೀದಿಗಳನ್ನು ಎಳೆದು ಕಟ್ಟಿದ ಪೇಟೆ. ಹೆಸರು ಆಗಿನ ಬ್ರಿಟಿಷ್ ರೆಸಿಡೆಂಟ್ ಡೊನಾಲ್ಡ್ ರಾಬರ್ಟ್‌ಸನ್ ಅವರದು. ಇಲ್ಲಿನ ಮಾರುಕಟ್ಟೆಯ ಗದ್ದಲದಲ್ಲಿ ಅರ್ಧ ಗಂಟೆ ಸುತ್ತಾಡಿದರೆ ಊರು ಸತ್ತಿದೆ ಎಂಬ ಮಾತು ಯಾರ ಬಾಯಲ್ಲೂ ಬರಲಾರದು. ಕೆಜಿಎಫ್‌ಗೆ ತನ್ನದೇ ತಾಲ್ಲೂಕಿದೆ, ತನ್ನದೇ ಪೊಲೀಸ್ ಜಿಲ್ಲೆ ಇದೆ, ಕೆಎ-08 ಎಂಬ ತನ್ನದೇ ವಾಹನ ಸಂಖ್ಯೆಯೂ ಇದೆ. 1964ರಲ್ಲಿ ಆರಂಭವಾದ ಬೆಮೆಲ್ ಇನ್ನೂ ಭಾರಿ ಯಂತ್ರಗಳನ್ನು ತಯಾರಿಸುತ್ತಿದೆ.

ಚಾಂಪಿಯನ್ ರೀಫ್ ಬಿಡುವ ಮುನ್ನ ಒಂದು ಸಂಗತಿ. ಕಣ್ಣಿಗೆ ಕಾಣುವಂಥ ಗುರುತೇನೂ ಇಲ್ಲದ್ದರಿಂದ ಪ್ರವಾಸಿಗರಿಗೆ ಇದನ್ನು ಯಾರೂ ಹೇಳುವುದಿಲ್ಲ. ಆಕಾಶದಿಂದ ಬರುವ ಕಣಗಳ ಅಧ್ಯಯನಕ್ಕೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇದೇ ಗಣಿಗೆ ಇಳಿದರು. ಮೇಲಿನ ಬಂಡೆ ಉಳಿದ ಬಹುತೇಕ ಕಣಗಳನ್ನು ತಡೆದುಬಿಡುತ್ತದೆ; ನ್ಯೂಟ್ರಿನೊ ಎಂಬ ಕಣ ಮಾತ್ರ ಸರಾಗವಾಗಿ ತೂರಿಬರುತ್ತದೆ. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲೇ ಇಲ್ಲಿ ಪ್ರಯೋಗ ಶುರುಮಾಡಿದ್ದರು. 1965ರಲ್ಲಿ, ಸುಮಾರು 2.3 ಕಿ.ಮೀ. ಆಳದಲ್ಲಿ, ಭಾರತ, ಜಪಾನ್, ಬ್ರಿಟನ್ನಿನ ವಿಜ್ಞಾನಿಗಳ ತಂಡ ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಸುಳಿವನ್ನು ಹಿಡಿಯಿತು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಅದೇ ಹೊತ್ತಿಗೆ ಇನ್ನೊಂದು ತಂಡವೂ ಇದನ್ನೇ ಕಂಡಿತು. ಚಿನ್ನಕ್ಕಾಗಿ ತೋಡಿದ ಆಳ ಭೌತವಿಜ್ಞಾನಕ್ಕೆ ಬಿಟ್ಟಿಯಾಗಿ ಸಿಕ್ಕಿತ್ತು. ಗಣಿಯ ಆಳದ ಭಾಗಗಳು ಮುಚ್ಚಿದಾಗ ಪ್ರಯೋಗಗಳೂ ನಿಂತವು.

ಗಣಿ ಮುಚ್ಚಿದ್ದು ಒಂದೇ ದಿನದಲ್ಲಿ ಅಲ್ಲ. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು, 1962ರಲ್ಲಿ ಅವು ಕೇಂದ್ರದ ಕೈಗೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕಂಪನಿ ಆಯಿತು. ಅದಿರಿನಲ್ಲಿ ಚಿನ್ನ ಕಡಿಮೆಯಾಗುತ್ತ, ಆಳ ಹೆಚ್ಚಾಗುತ್ತ, ತೆಗೆಯುವ ಖರ್ಚು ಮಾರುವ ಬೆಲೆಯನ್ನು ಮೀರಿತು. 2001ರ ಫೆಬ್ರವರಿ 28ಕ್ಕೆ ಕೆಲಸ ನಿಂತಿತು.

ವಾಪಸು ಬರುವಾಗ

ಸಮಯ ಉಳಿದಿದ್ದರೆ ಕಮ್ಮಸಂದ್ರದ ಕೋಟಿಲಿಂಗೇಶ್ವರ ಹತ್ತಿರದಲ್ಲೇ ಇದೆ. ಭಾನುವಾರ ಜನಜಂಗುಳಿ, ಪಾರ್ಕಿಂಗಿಗೆ ಕಾಯಬೇಕು. ಚರಿತ್ರೆಯ ಹುಚ್ಚಿದ್ದವರು ಹೈದರಾಲಿ ಹುಟ್ಟಿದ ಬೂದಿಕೋಟೆಗೆ ತಿರುಗಬಹುದು. ಎರಡನ್ನೂ ಒಂದೇ ದಿನಕ್ಕೆ ತುರುಕಿದರೆ ಗಣಿ ನೋಡಿದ್ದೂ ಕೆಡುತ್ತದೆ.

ಬಂಗಾರಪೇಟೆಯ ಪಾನಿಪುರಿಯನ್ನು ಮಾತ್ರ ಬಿಡಬೇಡಿ. ಇಲ್ಲಿನ ಪಾನಿಗೆ ಹಸಿರು ಬಣ್ಣವಿಲ್ಲ, ನೋಡಲು ಬರೀ ತಿಳಿನೀರು. ಬಾಯಿಗಿಟ್ಟ ಮೇಲೆಯೇ ಖಾರ ಗೊತ್ತಾಗುವುದು. ಓಡಿಸುವವರು ಎರಡನೇ ತಟ್ಟೆಗೆ ಮುನ್ನ ಯೋಚಿಸಲಿ, ಮುಂದೆ ಒಂದೂವರೆ ಎರಡು ಗಂಟೆಯ ದಾರಿಯಿದೆ. ಭಾನುವಾರ ಸಂಜೆಯಾದರೆ ಹೊಸಕೋಟೆ, ಕೆ.ಆರ್. ಪುರದ ದಟ್ಟಣೆಗೆ ಇನ್ನೊಂದು ಗಂಟೆ ಸೇರಿಸಿಕೊಳ್ಳಿ. ಕಾರು ತಡವಾಗಿ ಬಿಟ್ಟರೆ ಗಂಟೆಗಿಷ್ಟು ಎಂದು ದಂಡ ಬೀಳುವುದರಿಂದ, ಬಾಡಿಗೆಯ ಅವಧಿಯನ್ನು ಆರಂಭದಲ್ಲೇ ಎರಡು ಗಂಟೆ ಹೆಚ್ಚಿಗೆ ಹಿಡಿಯುವುದು ಲಾಭ.

ಪೆಟ್ರೋಲನ್ನು ಕಾರು ಬಿಡುವ ಜಾಗದ ಹತ್ತಿರದ ಬಂಕಿನಲ್ಲಿ ಹಾಕಿಸಿ ರಸೀದಿ ಇಟ್ಟುಕೊಳ್ಳಿ. ಸೈನೈಡ್ ಗುಡ್ಡದ ದೂಳು ಒಳಗೆ ಮೆತ್ತಿದ್ದರೆ ಒರೆಸಿಬಿಡಿ, ಸ್ವಚ್ಛತೆಯ ಹೆಸರಿನಲ್ಲಿ ಠೇವಣಿಯಿಂದ ಕಳೆಯುವವರಿದ್ದಾರೆ. ಬೆಳಗಿನ ಹಾಗೆಯೇ ಮತ್ತೊಂದು ಪ್ರದಕ್ಷಿಣೆ, ಮತ್ತೊಂದು ವಿಡಿಯೊ. ವೇಗ ಮೀರಿದ್ದಕ್ಕೋ ಸಿಗ್ನಲ್ ಹಾರಿದ್ದಕ್ಕೋ ಬೀಳುವ ಚಲನ್ ಕೆಲವು ದಿನಗಳ ನಂತರ ಕಾರಿನ ಮಾಲೀಕರಿಗೆ ಹೋಗಿ, ಅವರಿಂದ ನಿಮಗೆ ಬರುತ್ತದೆ. ಹಣ ಕಟ್ಟುವ ಮೊದಲು ಅದರಲ್ಲಿರುವ ದಿನಾಂಕ, ಗಂಟೆ, ಜಾಗ ಮೂರೂ ನಿಮ್ಮ ಪ್ರಯಾಣದ್ದೇ ಎಂದು ಪರಿಶೀಲಿಸಿ.